ಗದ್ದ ಹಿಡಿದು ಮಾತಾಡುವ ಹುಡುಗಿ

ವಿನೋಬನಗರ, ಶಿವಮೊಗ್ಗ
18 ಜೂನ್ 2024

ಬೀಗಿತ್ತಿ ಯಲ್ಲಮ್ಮನವರಿಗೆ ಜಲಜಮ್ಮ ಮಾಡುವ ನಮಸ್ಕಾರಗಳು.

ನಾವೆಲ್ಲ ಇಲ್ಲಿ ಕ್ಷೇಮ. ಫೋನಿರುವ ಕಾಲದಲ್ಲಿ ಇದೇನು ಕಾಗದ ಎಂದು ನೀವು ಮೂಗಿನ ಮೇಲೆ ಬೆರಳಿಡಬಹುದು. ಏನು ಮಾಡಲಿ, ನಾನು ಫೋನ್ ಮಾಡಿದಾಗಲೆಲ್ಲ "ಮಿಲ್ಲಲ್ಲಿ ಜನ ಇದಾರೆ, ಆಮೇಲೆ ಮಾಡ್ತೀನಿ" ಎಂದು ಇಟ್ಟುಬಿಡುತ್ತೀರಿ. ಆ ಆಮೇಲೆ ಇವತ್ತಿನವರೆಗೂ ಬಂದಿಲ್ಲ. ಸೊಸೆ ಸಮತಾಳನ್ನು ಕೇಳಿದರೆ "ಅಮ್ಮಂಗೆ ಬರೆದು ಕಳ್ಸಿ ಅತ್ತೆ, ಅವ್ರೇ ಹೇಳ್ತಾರೆ" ಎಂದು ನಗುತ್ತಾಳೆ. ಯೋಗೇಶ ದಿನಾ ಶಂಕರಘಟ್ಟದ ಆಫೀಸಿಗೆ ಭದ್ರಾವತಿ ಮೇಲೇ ಹೋಗುತ್ತಾನಲ್ಲ, ಮಗನ ಕೈಯಲ್ಲೇ ಕೊಟ್ಟು ಕಳಿಸುತ್ತಿದ್ದೇನೆ.

ವಿಷಯ ನಮ್ಮ ಇಂಪನಾಳದು. ಸಮತಾಗೆ ಭದ್ರಾವತಿ ಆಸ್ಪತ್ರೆಯಲ್ಲಿ ನರ್ಸ್ ಕೆಲಸ ಇದ್ದಷ್ಟು ಕಾಲ ಮಗು ನಿಮ್ಮ ಹಿಟ್ಟಿನ ಮಿಲ್ಲಿನಲ್ಲಿ, ನಿಮ್ಮ ಮಡಿಲಲ್ಲೇ ಬೆಳೆಯಿತು. ಈಗ ಅವಳಿಗೆ ಶಿವಮೊಗ್ಗಕ್ಕೆ ವರ್ಗವಾಗಿ, ಆರು ವರ್ಷದ ಮೊಮ್ಮಗಳು ಮೊದಲ ಸಲ ನನ್ನ ಕೈಗೆ ಸಿಕ್ಕಿದ್ದಾಳೆ. ಒಂದನೇ ಕ್ಲಾಸಿಗೆ ಸೇರಿಸಿದ್ದೂ ಆಯಿತು. ಹೊಸ ಯೂನಿಫಾರ್ಮಿನಲ್ಲಿ ನೋಡಿದರೆ ದೃಷ್ಟಿಯಾಗಬೇಕು, ಹಾಗಿದ್ದಾಳೆ. ಬಾಯಿ ತೆರೆಯುವವರೆಗೆ.

ಮೊದಲ ವಾರವೇ ಕ್ಲಾಸ್ ಟೀಚರ್ ಸುಶ್ಮಿತಾ ಮಿಸ್ ನನ್ನನ್ನು ಕರೆಸಿದರು. ಬೆಳಿಗ್ಗೆ ಪ್ರಾರ್ಥನೆಗೆ ಮಕ್ಕಳು ಸಾಲಾಗಿ ನಿಲ್ಲಬೇಕಲ್ಲ, ಇವಳು ಸಾಲಿನಲ್ಲಿ ತನ್ನ ಬ್ಯಾಗ್ ಇಟ್ಟು, ತಾನು ಹೋಗಿ ಹೊಂಗೆ ಮರದ ನೆರಳಲ್ಲಿ ಚಕ್ಕಳಮಕ್ಕಳ ಹಾಕಿ ಕೂತಿದ್ದಾಳೆ. ಯಾಕಮ್ಮ ಎಂದರೆ, "ನನ್ ಬ್ಯಾಗ್ ಅಲ್ಲೇ ಐತಲ್ಲ ಮಿಸ್, ನನ್ ಪಾಳಿ ಬಂದಾಗ ಕೂಗಿ, ಬರ್ತೀನಿ" ಎಂದಳಂತೆ. ಮಾರನೆಯ ದಿನ ಇಡೀ ಒಂದನೇ ಕ್ಲಾಸು ಮರದ ಕೆಳಗಿತ್ತು. ಅಂಗಳದಲ್ಲಿ ಬರೀ ಬ್ಯಾಗುಗಳು ಪ್ರಾರ್ಥನೆಗೆ ನಿಂತಿದ್ದವು.

ಎರಡಕ್ಕೆ ಎರಡು ಸೇರಿಸಿದರೆ ಎಷ್ಟು ಎಂದು ಮಿಸ್ ಕೇಳಿದ್ದಕ್ಕೆ, "ನಾಲ್ಕು ಕೆ.ಜಿ., ಬೀಸಿದ್ ಮೇಲೆ ಸ್ವಲ್ಪ ಕಮ್ಮಿ" ಎಂದಿದ್ದಾಳೆ. ಇದನ್ನೆಲ್ಲ ನಗುತ್ತಾ ಸಹಿಸಬಹುದು. ಆದರೆ ಪ್ರಿನ್ಸಿಪಾಲ್ ಮೇಡಂ ವರಾಂಡದಲ್ಲಿ ಬರುತ್ತಿದ್ದಾಗ ಅವರ ಸೆರಗು ಜಗ್ಗಿ, ಅವರು ಬಗ್ಗಿದ ಕೂಡಲೇ ಗದ್ದ ಹಿಡಿದು ಮುಖ ತಿರುಗಿಸಿಕೊಂಡು, "ಗುಡ್ ಮಾರ್ನಿಂಗ್! ತಿಂಡಿ ಆಯ್ತಾ?" ಎಂದು ಪಕ್ಕದ ಬೀದಿಗೆ ಕೇಳುವಂತೆ ಕಿರುಚಿದ್ದಾಳೆ. ಆ ಮೇಡಂ ಎಂದರೆ ದೊಡ್ಡ ಟೀಚರುಗಳೂ ನಡುಗುತ್ತಾರೆ. ಇಂಪನಾ ಎಂದು ಹೆಸರಿಟ್ಟವರಿಗೆ ನಮಸ್ಕಾರ ಮಾಡಬೇಕು.

ತಪ್ಪು ತಿಳಿಯಬೇಡಿ, ದೂರು ಹೇಳುತ್ತಿಲ್ಲ. ಈ ಗದ್ದ ಹಿಡಿಯುವ, ಕಿರುಚುವ ಅಭ್ಯಾಸ ಎಲ್ಲಿಂದ ಬಂತು ಎಂದು ತಿಳಿದರೆ ತಿದ್ದಲು ಅನುಕೂಲ.

ಇತಿ,
ಜಲಜಮ್ಮ


ಜನ್ನಾಪುರ, ಭದ್ರಾವತಿ
21 ಜೂನ್

ಜಲಜಮ್ಮನವರಿಗೆ ಯಲ್ಲಮ್ಮನ ನಮಸ್ಕಾರ.

ಕಾಗದ ಸಿಕ್ಕಿತು. ಬಹಳ ಖುಷಿಯಾಯಿತು. ನನ್ನದು ಏಳನೇ ಕ್ಲಾಸಿನ ಅಕ್ಷರ. ಕೈಯ ಹಿಟ್ಟೂ ಕಾಗದಕ್ಕೆ ಅಂಟಿದೆ. ಕೊಡವಿಕೊಂಡು ಓದಿ.

ಬ್ಯಾಗಿನ ಸುದ್ದಿ ಓದಿ ಮಿಲ್ಲು ನಿಲ್ಲಿಸಿ ನಕ್ಕೆ. ನಮ್ಮಲ್ಲಿ ಸಾಲಿಗೆ ನಿಲ್ಲುವುದು ಡಬ್ಬ, ಮನುಷ್ಯರಲ್ಲ. ರಾಗಿ ತಂದವರು ಡಬ್ಬ ಇಟ್ಟು ಕಟ್ಟೆಯ ಮೇಲೆ ಕೂತು ಮಾತಾಡುತ್ತಾರೆ. ಪಾಳಿ ಬಂದಾಗ ಇಂಪನಾ ಕೂಗುತ್ತಿದ್ದಳು. ಕನ್ನಡದವರಿಗೆ ಕನ್ನಡದಲ್ಲಿ, ತಮಿಳರಿಗೆ ತಮಿಳಿನಲ್ಲಿ, ತೆಲುಗರಿಗೆ ತೆಲುಗಿನಲ್ಲಿ. ಅವಳು ಇದ್ದಷ್ಟು ದಿನ ಒಂದು ಡಬ್ಬವೂ ಹಿಂದೆ ಮುಂದೆ ಆಗಿದ್ದಿಲ್ಲ. ಅವಳ ಕಣ್ಣಿಗೆ ಸಾಲಿನಲ್ಲಿ ಸುಮ್ಮನೆ ನಿಂತ ಮಕ್ಕಳೇ ವಿಚಿತ್ರವಾಗಿ ಕಂಡಿರಬೇಕು.

ಲೆಕ್ಕವೂ ಸರಿಯೇ ಹೇಳಿದ್ದಾಳೆ. ಬೀಸಿದ ಮೇಲೆ ಕಮ್ಮಿಯೇ ಆಗುವುದು.

ಜೋರು ದನಿಯ ವಿಷಯ. ಮಿಲ್ಲಿನ ಸದ್ದಿನಲ್ಲಿ ಬೆಳೆದ ಮಗು. ಮೆಲ್ಲಗೆ ಮಾತಾಡಿದರೆ ಇಲ್ಲಿ ಯಾರಿಗೆ ಕೇಳಬೇಕು? ಇನ್ನೇನಿಲ್ಲ.

ಶನಿವಾರ ಅರ್ಧ ದಿನವೇ ಸ್ಕೂಲಲ್ಲವೇ? ಪ್ರತಿ ಶನಿವಾರ ಮಧ್ಯಾಹ್ನ ಯೋಗೇಶನ ಜೊತೆ ಕಳಿಸಿ, ಭಾನುವಾರ ಸಂಜೆ ತಲುಪಿಸುತ್ತೇನೆ. ವಾರವೆಲ್ಲ ಅದೊಂದಕ್ಕೇ ಕಾಯುತ್ತೇನೆ. ಹುರಿಹಿಟ್ಟು ಕಳಿಸಿದ್ದೇನೆ.

ಯಲ್ಲಮ್ಮ


ಶಿವಮೊಗ್ಗ
9 ಜುಲೈ

ಬೀಗಿತ್ತಿಯವರಿಗೆ ನಮಸ್ಕಾರ.

ಹುರಿಹಿಟ್ಟು ಚೆನ್ನಾಗಿತ್ತು. ಮಗು ಶನಿವಾರ ತಪ್ಪದೆ ಬರುತ್ತಿದೆಯಲ್ಲ, ಸಂತೋಷ. ಆದರೆ ಹೇಳಲೇಬೇಕು, ಪ್ರತಿ ಸೋಮವಾರ ದನಿ ಇನ್ನಷ್ಟು ಏರಿರುತ್ತದೆ.

ನೀವು ಮಿಲ್ಲಿನ ಸದ್ದು ಎಂದಿರಿ. ನಾನು ನಂಬಿದೆ. ಆದರೂ ಮನಸ್ಸು ತಡೆಯದೆ ಕಿವಿ ಡಾಕ್ಟರ ಹತ್ತಿರ ಕರೆದುಕೊಂಡು ಹೋದೆ. ಕಿವಿಯಲ್ಲಿ ದೋಷವೇನೂ ಇಲ್ಲ. ಡಾಕ್ಟರ ಡ್ರಾಯರಿನೊಳಗೆ ಗುಂಯ್‌ಗುಟ್ಟುತ್ತಿದ್ದ ಅವರ ಮೊಬೈಲನ್ನು ಮೊದಲು ಕೇಳಿಸಿಕೊಂಡವಳೇ ಇವಳು.

ಹೋದ ವಾರ ಸುಶ್ಮಿತಾ ಮಿಸ್ ಒಂದು ಮಾತು ಹೇಳಿದರು. ಇಂಪನಾ ಮಕ್ಕಳ ಜೊತೆ ಮೆಲ್ಲಗೇ ಮಾತಾಡುತ್ತಾಳಂತೆ, ಮಿಸ್ ಜೊತೆಗೂ ಅಷ್ಟೇ. ಅವಳು ಗದ್ದ ಹಿಡಿದು ಕಿರುಚುವುದು ಪ್ರಿನ್ಸಿಪಾಲ್ ಮೇಡಂ ಮುಂದೆ, ಗೇಟಿನ ಮುದುಕ ಪರಶುರಾಮನ ಮುಂದೆ, ಲೆಕ್ಕದ ರೂಮಿನ ಹಿರಿಯರ ಮುಂದೆ. ಅಂದರೆ ಬರೀ ವಯಸ್ಸಾದವರ ಮುಂದೆ. "ಇದರಲ್ಲಿ ಏನೋ ಇದೆ, ಬೈಬೇಡಿ, ಸ್ವಲ್ಪ ದಿನ ನೋಡೋಣ" ಎಂದರು ಮಿಸ್. ಅವರು ಚಿಕ್ಕ ವಯಸ್ಸಿನವರು. ನನಗೆ ಇದು ಸ್ಪಷ್ಟವಾಗಿ ಕಾಣುತ್ತಿದೆ. ಮಿಲ್ಲಿನ ಸದ್ದಾಗಿದ್ದರೆ ಎಲ್ಲರ ಮುಂದೆಯೂ ಕಿರುಚಬೇಕಿತ್ತು. ಇದು ದೊಡ್ಡವರೆಂದರೆ ಸದರ.

ನಮ್ಮ ಮನೆಯಲ್ಲೂ ಹೀಗೇ. ಇವರ ಗದ್ದ ಹಿಡಿದು "ಅಜ್ಜಾ! ಹಲ್ಲುಜ್ಜಿದ್ಯಾ?" ಎಂದು ಅರಚುತ್ತಾಳೆ. ಇವರೂ ನಗುತ್ತಾ "ಉಜ್ಜಿದೆ ಕಣಮ್ಮ" ಅನ್ನುತ್ತಾರೆ. ನಿಮಗೆ ಗೊತ್ತಲ್ಲ, ಅಡಿಕೆ ಮಂಡಿಯಲ್ಲಿ ಲೆಕ್ಕ ಬರೆಯುತ್ತಿದ್ದಾಗ ನಮ್ಮ ಯಜಮಾನರು ಎಂಥ ಮಾತುಗಾರರು. ಊಟಕ್ಕೆ ಕೂತರೆ ಮಂಡಿಯ ಸುದ್ದಿಯೆಲ್ಲ ತಟ್ಟೆಗೆ ಬೀಳುತ್ತಿತ್ತು. ಈಗ ಎರಡು ವರ್ಷದಿಂದ ನನಗೆ "ಹೂಂ" ಬಿಟ್ಟು ಬೇರೆ ಮಾತಿಲ್ಲ. ಅವರ ಹಳೇ ಮೊಪೆಡ್ಡನ್ನು ನಾನು ಕೇಳದೆ ಗುಜರಿಗೆ ಕೊಟ್ಟೆ. ಅವತ್ತಿನಿಂದ ಮುನಿಸು. ನಾನೂ ಸೋಲುವವಳಲ್ಲ, ಮಾತಾಡಿಸುವುದನ್ನು ಬಿಟ್ಟಿದ್ದೇನೆ. ಅಂಥವರು ಈ ಕಿರುಚುವ ಹುಡುಗಿಯ ಜೊತೆ ಗಂಟೆಗಟ್ಟಲೆ ಹರಟುತ್ತಾರೆ ಎಂದರೆ ನನಗೆ ಹೇಗಾಗಬೇಡ?

ಒಂದು ಸಮಾಧಾನ. ನನ್ನ ಹತ್ತಿರ ಮಾತ್ರ ಮೆಲ್ಲಗೆ ಮಾತಾಡುತ್ತಾಳೆ. ಒಂದು ದಿನವೂ ನನ್ನ ಗದ್ದ ಮುಟ್ಟಿಲ್ಲ. ನನ್ನ ಕಂಡರೆ ಭಯಭಕ್ತಿ ಇದೆ.

ಜಲಜಮ್ಮ


ಭದ್ರಾವತಿ
12 ಜುಲೈ

ಜಲಜಮ್ಮನವರಿಗೆ ನಮಸ್ಕಾರ.

ಮಗುವಿಗೆ ದೊಡ್ಡವರೆಂದರೆ ಸದರ ಇಲ್ಲ. ಈ ಒಂದು ಮಾತು ನಂಬಿ. ಹೆಚ್ಚು ಬರೆಯಲು ಕೈ ಬರುತ್ತಿಲ್ಲ. ಮಿಲ್ಲಿನಲ್ಲಿ ಜನ ಇದ್ದಾರೆ.

ಒಂದು ಕೇಳಲೇ? ಬೀಗರು ಟೀವಿಯನ್ನು ಎಷ್ಟು ಜೋರಾಗಿ ಹಾಕುತ್ತಾರೆ? ಸುಮ್ಮನೆ ಕೇಳಿದೆ.

ಶನಿವಾರ ಮಾತ್ರ ತಪ್ಪಿಸಬೇಡಿ.

ಯಲ್ಲಮ್ಮ


ಶಿವಮೊಗ್ಗ
30 ಜುಲೈ

ಶ್ರೀಮತಿ ಯಲ್ಲಮ್ಮನವರಿಗೆ,

ನಿಮ್ಮ ಚೀಟಿ ಓದಿದೆ. ಕಾಗದ ಅನ್ನುವಷ್ಟು ಉದ್ದ ಅದಕ್ಕಿರಲಿಲ್ಲ. ನಾನು ಮೂರು ಪುಟ ಬರೆದು ಮನಸ್ಸು ಬಿಚ್ಚಿದೆ. ನೀವು ನಮ್ಮ ಮನೆಯ ಟೀವಿ ಸದ್ದು ಕೇಳಿದಿರಿ. ಮಗು ಕಿರುಚುವುದನ್ನು ನಮ್ಮ ಟೀವಿಯಿಂದ ಕಲಿತಿದೆ ಎಂದು ನಿಮ್ಮ ಅರ್ಥ ತಾನೇ? ಹೌದು, ಇವರು ಜೋರಾಗಿಯೇ ಹಾಕುತ್ತಾರೆ, ನನ್ನನ್ನು ರೇಗಿಸಲೆಂದೇ ಹಾಕುತ್ತಾರೆ. ಆದರೆ ಮಗು ಈ ಮನೆಗೆ ಬಂದಿದ್ದು ಮೇ ತಿಂಗಳಲ್ಲಿ, ಕಿರುಚುವುದನ್ನು ಕಲಿತೇ ಬಂದಿತ್ತು.

ಭಾನುವಾರ ಇನ್ನೊಂದು ನಡೆಯಿತು. ಮಳೆಯ ನೆಪದಲ್ಲಿ ಮಗುವನ್ನು ನಿಮ್ಮಲ್ಲಿಗೆ ಕಳಿಸಿರಲಿಲ್ಲವಲ್ಲ, ಮಧ್ಯಾಹ್ನ ಅಜ್ಜ ಮೊಮ್ಮಗಳು ನನಗೊಂದು ಮಾತೂ ಹೇಳದೆ ಆಟೋ ಹತ್ತಿ ತ್ಯಾವರೆಕೊಪ್ಪಕ್ಕೆ ಹುಲಿ ನೋಡಲು ಹೋಗಿದ್ದಾರೆ. ಗೇಟು ದಾಟದ ಮನುಷ್ಯ! ಸಂಜೆ ಬಂದು ಮಗು ಇವರ ಗದ್ದ ಹಿಡಿದುಕೊಂಡು, ಇವರು ಅವಳ ಗದ್ದ ಹಿಡಿದುಕೊಂಡು, ಸಿಂಹ ಹೇಗೆ ಕೂಗಿತು ಎಂದು ಒಬ್ಬರಿಗೊಬ್ಬರು ಕೂಗಿ ತೋರಿಸುತ್ತಿದ್ದರು. ನಾನು ಅಡುಗೆಮನೆಯಲ್ಲಿ ಒಬ್ಬಳೇ ಮೆಣಸಿನಕಾಯಿ ಹುರಿಯುತ್ತಿದ್ದೆ. ಕಣ್ಣಲ್ಲಿ ನೀರು ಬಂತು. ಮೆಣಸಿನ ಘಾಟು ಎಂದುಕೊಂಡೆ.

ಮಾರನೆಯ ದಿನ ಪ್ರಿನ್ಸಿಪಾಲ್ ಮೇಡಂ ಕರೆಸಿ, "ಮನೆಯಲ್ಲಿ ಸ್ವಲ್ಪ ಶಿಸ್ತು ಕಲಿಸಿ" ಎಂದರು. ಮುಖಕ್ಕೆ ಹೊಡೆದ ಹಾಗಾಯಿತು. ಆದ್ದರಿಂದ ನಾನು ತೀರ್ಮಾನ ಮಾಡಿದ್ದೇನೆ. ದಸರಾ ರಜೆಯವರೆಗೆ ಇಂಪನಾ ಭದ್ರಾವತಿಗೆ ಬರುವುದು ಬೇಡ. ಒಂದೇ ಮನೆಯಲ್ಲಿ, ಒಂದೇ ರೀತಿಯಲ್ಲಿ ಇದ್ದರೆ ಅಭ್ಯಾಸ ತಾನಾಗಿ ಬಿಡುತ್ತದೆ. ಆಗಲೂ ಬಿಡದಿದ್ದರೆ ದಸರಾ ಆದ ಮೇಲೂ ಯೋಚಿಸಬೇಕಾಗುತ್ತದೆ. ಸಮತಾ, ಯೋಗೇಶ ಇಬ್ಬರೂ ಮುಖ ಮುಖ ನೋಡಿಕೊಂಡರು.

ಜಲಜಮ್ಮ


ಭದ್ರಾವತಿ
6 ಆಗಸ್ಟ್

ಜಲಜಮ್ಮನವರಿಗೆ,

ಇದನ್ನು ನಾಲ್ಕು ಸಲ ಬರೆದು ಹರಿದೆ. ಇವತ್ತು ಮಿಲ್ಲಿಗೆ ರಜ ಹಾಕಿ ಕೂತಿದ್ದೇನೆ.

ನನಗೆ ಕಿವಿ ಕೇಳಿಸುವುದಿಲ್ಲ. ಪೂರ್ತಿ ಕಿವುಡಲ್ಲ. ಎದುರು ನಿಂತು, ತುಟಿ ಕಾಣುವಂತೆ, ಜೋರಾಗಿ ಹೇಳಿದರೆ ತಿಳಿಯುತ್ತದೆ. ಬೆನ್ನ ಹಿಂದಿನ ಮಾತು ತಿಳಿಯುವುದಿಲ್ಲ. ಫೋನಂತೂ ಇಲ್ಲವೇ ಇಲ್ಲ. ನೀವು ಫೋನ್ ಮಾಡಿದಾಗ ಹೆಸರು ನೋಡಿ, ಮಿಲ್ಲಲ್ಲಿ ಜನ ಇದ್ದಾರೆ ಎಂದು ಹೇಳಿ ಇಡುತ್ತಿದ್ದೆ. ಎಷ್ಟೋ ಸಲ ಇಲ್ಲಿ ನರಪಿಳ್ಳೆಯೂ ಇರುತ್ತಿರಲಿಲ್ಲ.

ಯಜಮಾನರು ತೀರಿಕೊಂಡಾಗ ಸಮತಾ ಚಿಕ್ಕವಳು. ಗಿರಣಿ ನಾನೇ ನಡೆಸಿದೆ. ವರ್ಷಗಟ್ಟಲೆ ಆ ಸದ್ದಿನ ಪಕ್ಕದಲ್ಲೇ ನಿಂತು ಕಿವಿ ಸವೆಯಿತು. ನೀವು ಹೆಣ್ಣು ನೋಡಲು ಬಂದಾಗ, ಕಿವುಡು ಸಂತಾನಕ್ಕೂ ಬರುತ್ತದೆ ಎಂದು ಸಂಬಂಧ ಮುರಿದೀತು ಎಂದು ಹೆದರಿ ಮುಚ್ಚಿಟ್ಟೆ. ಅವತ್ತು ನೀವು ಕೇಳಿದ್ದಕ್ಕೆಲ್ಲ "ಹೂಂ, ಹಾಗೇ ಆಗ್ಲಿ" ಎಂದು ನಗುತ್ತಿದ್ದೆ. ಮದುವೆ ಊಟಕ್ಕೆ ಐದು ಬಗೆ ಸಿಹಿ ಒಪ್ಪಿದ್ದೇನೆ ಎಂದು ಆಮೇಲೆ ಅಡುಗೆಯವನಿಂದ ಗೊತ್ತಾಯಿತು. ಸಮತಾಳಿಂದ ಆಣೆ ಹಾಕಿಸಿಕೊಂಡಿದ್ದೇನೆ. ನಿಮ್ಮ ಮಗನ ಬಾಯಿಗೂ ಬೀಗ ಹಾಕಿದವಳು ನಾನೇ. ಅವರನ್ನು ಬೈಯಬೇಡಿ.

ಈಗ ಮಗುವಿನ ವಿಷಯ. ಅತ್ತರೆ ಈ ಅಜ್ಜಿ ಬರುವುದಿಲ್ಲ ಎಂದು ಅದಕ್ಕೆ ವರ್ಷ ತುಂಬುವ ಮೊದಲೇ ತಿಳಿದಿತ್ತು. ಅಳುವುದು ಬಿಟ್ಟು ತೆವಳಿ ಬಂದು ಸೆರಗು ಜಗ್ಗುತ್ತಿತ್ತು. ಮಾತು ಬಂದ ಮೇಲೆ ಗದ್ದ ಹಿಡಿದು ನನ್ನ ಮುಖವನ್ನು ತನ್ನ ಕಡೆ ತಿರುಗಿಸಿಕೊಂಡು ಮಾತಾಡಿತು. ನಾನು ಕಲಿಸಲಿಲ್ಲ. ನನ್ನ ಜೊತೆ ಇದ್ದು ಇದ್ದು ತಾನೇ ಕಲಿತಿತು. ಕುಕ್ಕರ್ ಕೂಗಿದರೆ ಓಡಿ ಬಂದು ಬೆರಳು ಎಣಿಸಿ ತೋರಿಸುತ್ತಿತ್ತು. ನನ್ನ ಕಿವಿ ಅದೇ ಆಗಿತ್ತು. ಅದು ಶಿವಮೊಗ್ಗಕ್ಕೆ ಹೋದ ಮೇಲೆ ನನ್ನ ಮನೆಯಲ್ಲಿ ಎರಡು ಸಲ ಅನ್ನ ಸೀದಿದೆ.

ಮೊದಲ ಶನಿವಾರ ಬಂದಾಗಲೇ ಅದು ನನಗೆ ಒಂದು ಮಾತು ಹೇಳಿತು. "ಮಿಲ್ಲಜ್ಜೀ, ಶಿವಮೊಗ್ಗ ಅಜ್ಜನೂ ನಿನ್ ಥರಾನೇ. ಗದ್ದ ಹಿಡಿದ್ರೆ ಮಾತಾಡ್ತಾರೆ." ಅದಕ್ಕೇ ಟೀವಿಯ ಸದ್ದು ಕೇಳಿದೆ, ಚುಚ್ಚಲು ಅಲ್ಲ. ಮಗು ಎರಡು ಬಿಳಿ ತಲೆ ನೋಡಿತು, ಎರಡಕ್ಕೂ ಕಿವಿ ಮಂದ. ಬಿಳಿ ತಲೆಯವರೆಲ್ಲ ಹೀಗೇ ಎಂದುಕೊಂಡಿತು. ನಿಮ್ಮ ಪ್ರಿನ್ಸಿಪಾಲರ ಕೂದಲು ಬೆಳ್ಳಗಿದೆಯಂತೆ. ಪರಶುರಾಮನದೂ ಬೆಳ್ಳಗಂತೆ. ಅವರಿಗೆ ಪಾಪ ಕೇಳಿಸುವುದಿಲ್ಲ ಎಂದು ಮರ್ಯಾದೆಯಿಂದಲೇ ಗದ್ದ ಹಿಡಿದಿದೆ.

ನಿಮ್ಮ ಗದ್ದ ಯಾಕೆ ಹಿಡಿಯಲಿಲ್ಲ ಎಂದು ಹೇಳಲೋ ಬೇಡವೋ. ನಿಮ್ಮ ಕೂದಲು ಕಪ್ಪಗಿದೆಯಲ್ಲ.

ಕಿವಿ ಕೇಳದವಳ ಹತ್ತಿರ ಮಗುವನ್ನು ಬಿಡುವುದು ಹೇಗೆ ಎಂದು ಇನ್ನು ನಿಮಗೆ ಅನಿಸುತ್ತದೆ. ಶನಿವಾರಗಳು ಪೂರ್ತಿ ನಿಂತುಹೋಗುತ್ತವೆ ಎಂಬ ಆ ಹೆದರಿಕೆಗೇ ಇಷ್ಟು ದಿನ ಸುಮ್ಮನಿದ್ದೆ. ಆದರೆ ಸುಮ್ಮನಿದ್ದರೆ ಮಗು ಒರಟು ಎಂಬ ಹೆಸರು ಹೊರಬೇಕು. ಅದು ನನ್ನಿಂದ ಆಗುವುದಿಲ್ಲ. ನೀವು ಏನು ತೀರ್ಮಾನ ಮಾಡಿದರೂ ಸರಿ.

ಯಲ್ಲಮ್ಮ


ಭದ್ರಾವತಿ
27 ಆಗಸ್ಟ್

ಜಲಜಮ್ಮನವರಿಗೆ,

ನೀವು ಉತ್ತರ ಬರೆಯಲಿಲ್ಲ. ನಿನ್ನೆ ಯೋಗೇಶನನ್ನು ಕೇಳಿದೆ. "ಮನೇಲಿ ದಿನಾ ಗಲಾಟೆ ಅತ್ತೆ, ಕೂರೋಕಾಗಲ್ಲ" ಎಂದು ನಗುತ್ತಾ ಗಾಡಿ ಹತ್ತಿ ಹೋದ. ನನ್ನಿಂದ ನಿಮ್ಮ ಮನೆಯಲ್ಲಿ ಜಗಳವಾಯಿತು. ತುಂಬಾ ನೋವಾಗಿದೆ.

ಗೌರಿ ಹಬ್ಬ ಬಂತು. ತವರಿನ ಬಾಗಿನ ಕಳಿಸಿದ್ದೇನೆ, ಸಮತಾಗೆ ಕೊಡಿ. ಮಗುವಿಗೆ ಒಂದು ಹಸಿರು ಲಂಗ ಇದೆ. ಅಳತೆ ಅಂದಾಜಿನ ಮೇಲೆ ಹೊಲಿಸಿದ್ದು. ಹಾಕಿ ನೋಡಿ ಸರಿಯಾಯಿತೋ ಇಲ್ಲವೋ ಎಂದಷ್ಟೇ ಯಾರಾದರೂ ತಿಳಿಸಿ.

ಯಲ್ಲಮ್ಮ


ಶಿವಮೊಗ್ಗ
1 ಸೆಪ್ಟೆಂಬರ್

ಪ್ರೀತಿಯ ಯಲ್ಲಕ್ಕ,

ಜಗಳವೂ ಇಲ್ಲ, ಏನೂ ಇಲ್ಲ ಮಾರಾಯ್ತಿ! ಮನೆಯಲ್ಲಿ ಗಲಾಟೆ ನಿಜ. ನಾನೂ ನಿಮ್ಮ ಬೀಗರೂ ಮಾತಾಡುತ್ತಿದ್ದೇವೆ. ಎರಡು ವರ್ಷದ ಮಾತು ಬಾಕಿ ಇತ್ತು, ಅದೂ ಬೀದಿಗೆ ಕೇಳುವಂತೆ ಆಡಬೇಕು. ಕಾಗದ ಬರೆಯಲು ಕೂತರೆ ಕರೆಯುತ್ತಾರೆ, ಕಿರುಚಿ ಉತ್ತರ ಕೊಟ್ಟು ಬರುವಷ್ಟರಲ್ಲಿ ಪೆನ್ನು ಎಲ್ಲಿಟ್ಟೆ ಎಂದು ಮರೆಯುತ್ತದೆ. ನಿಮ್ಮನ್ನು ಅಲ್ಲಿ ಕಾಯಿಸಿ ಕೊರಗುವಂತೆ ಮಾಡಿದ್ದಕ್ಕೆ ಕ್ಷಮಿಸಬೇಕು.

ಮೊದಲಿನಿಂದ ಹೇಳುತ್ತೇನೆ. ನಿಮ್ಮ ಕಾಗದ ಓದಿ ಮೊದಲು ಸಿಟ್ಟು ಬಂತು, ನಿಮ್ಮ ಮೇಲಲ್ಲ, ನನ್ನ ಮಗನ ಮೇಲೆ. ಆಮೇಲೆ ಐದು ಸಿಹಿ ನೆನಪಾಗಿ ನಗು ಬಂತು. ಆ ಐದು ಸಿಹಿಯಿಂದಲೇ ನಾವು ನಿಮ್ಮನ್ನು ಭಾರೀ ಧಾರಾಳಿ ಎಂದು ನೆಂಟರಿಗೆಲ್ಲ ಹೇಳಿಕೊಂಡು ತಿರುಗಿದ್ದೆವು. ನಗು ಮುಗಿದ ಮೇಲೆ ಕಾಗದವನ್ನು ಇನ್ನೊಂದು ಸಲ ಓದಿದೆ. ಬೆನ್ನ ಹಿಂದಿನ ಮಾತು ತಿಳಿಯದಿರುವುದು, ನಗುತ್ತಾ ಹೂಂ ಅನ್ನುವುದು, ಫೋನ್ ಎತ್ತದಿರುವುದು, ಗುಂಪಿಗೆ ಹೋಗದಿರುವುದು, ಎಲ್ಲ ಇವರಲ್ಲೂ ಇತ್ತು. ಇವರು ಮಂಡಿಯ ಸ್ನೇಹಿತರನ್ನು ನೋಡಲು ಹೋಗುವುದನ್ನೂ ಬಿಟ್ಟಿದ್ದರು. ಅದಕ್ಕೂ ಮೊಪೆಡ್ಡೇ ಕಾರಣ ಎಂದು ನಾನು ಕೂತಿದ್ದೆ.

ಇವರು ಜಗಲಿಯಲ್ಲಿ ಪೇಪರ್ ಓದುತ್ತಿದ್ದರು. ಹಿಂದೆ ಹೋಗಿ ನಿಂತು, "ನಿಮ್ ಮೊಪೆಡ್ ವಾಪಸ್ ತರಿಸ್ಲಾ?" ಎಂದೆ. ಪುಟ ತಿರುಗಿಸಿದರು. ಇನ್ನೊಂದು ಸಲ ಹೇಳಿದೆ. ಇಲ್ಲ. ಇಂಪನಾ ಕಂಬದ ಪಕ್ಕ ನಿಂತು ನೋಡುತ್ತಿದ್ದಳು. ನನ್ನ ಹತ್ತಿರ ಬಂದು ಮೆಲ್ಲಗೆ, ಎಂದಿನ ಹಾಗೆ ಮೆಲ್ಲಗೆ, "ಹಂಗಲ್ಲ ಅಜ್ಜೀ, ಮುಂದೆ ಹೋಗು. ಗದ್ದ ಹಿಡ್ಕೋ" ಎಂದಳು.

ಮುಂದೆ ಹೋದೆ. ಮದುವೆಯಾಗಿ ಇಷ್ಟು ಕಾಲವಾಯಿತು, ಹಗಲು ಹೊತ್ತಿನಲ್ಲಿ ಗಂಡನ ಗದ್ದ ಮುಟ್ಟಿದವಳಲ್ಲ. ನಾಚಿಕೆಯಾಯಿತು. ಮಗು ಬೆನ್ನಿಗೆ ಕೈ ಕೊಟ್ಟು ನೂಕಿತು. ಗದ್ದ ಹಿಡಿದು ಜೋರಾಗಿ ಹೇಳಿದೆ. ಇವರು ಕನ್ನಡಕದ ಮೇಲಿಂದ ನೋಡಿ, "ಯಾವ ಮೊಪೆಡ್ಡೇ? ಆ ಹಾಳು ಗಾಡಿಯಾ? ಹೋಗಿದ್ದೇ ಒಳ್ಳೇದಾಯ್ತು, ಕಿಕ್ ಹೊಡೆದು ಹೊಡೆದು ನನ್ ಮಂಡಿ ಹೋಗಿತ್ತು" ಎಂದರು. ಆಮೇಲೆ ಪೇಪರ್ ಮಡಿಸಿಟ್ಟು, "ನೀನ್ಯಾಕೆ ಜಲಜಾ ಇಷ್ಟು ದಿನ ನನ್ ಹತ್ರ ಮಾತೇ ಆಡ್ತಿರ್ಲಿಲ್ಲ?" ಎಂದು ಕೇಳಿದರು.

ಯಲ್ಲಕ್ಕ, ನಾನು ಅಲ್ಲೇ ಕೂತು ಅತ್ತುಬಿಟ್ಟೆ. ಅವರು ಮುನಿಸಿಕೊಂಡಿದ್ದಾರೆ ಎಂದು ನಾನು, ನಾನು ಮುನಿಸಿಕೊಂಡಿದ್ದೇನೆ ಎಂದು ಅವರು. ಮಧ್ಯೆ ಆ ಟೀವಿ ಒಂದೇ ಕಿರುಚುತ್ತಿತ್ತು. ಕಿವಿ ಮಂದವಾಗಿದೆ ಎಂದು ಅವರಿಗೂ ಒಳಗೊಳಗೇ ಗೊತ್ತಿತ್ತಂತೆ, ಮುದುಕನಾದೆ ಎಂದು ನೀನು ನಗುತ್ತೀಯೆಂದು ಹೇಳಲಿಲ್ಲ ಎಂದರು. ನನ್ನ ಮನೆಯಲ್ಲಿ ನನಗೆ ಕಾಣದ್ದನ್ನು ಈ ಮಗು ಬಂದ ವಾರದಲ್ಲೇ ಕಂಡಿತ್ತು. ನಾನು ಅದನ್ನು ತಿದ್ದಲು ಹೊರಟಿದ್ದೆ.

ಸುಶ್ಮಿತಾ ಮಿಸ್‌ಗೆ ಎಲ್ಲ ಹೇಳಿದೆ. ಅವರು ಕುಣಿಯುವುದೊಂದು ಬಾಕಿ. ಇಂಪನಾಳಿಗೆ ಒಂದೇ ಒಂದು ಮಾತು ಸೇರಿಸಿ ಹೇಳಿಕೊಟ್ಟಿದ್ದಾರೆ. ಮೊದಲು ಮೆಲ್ಲಗೆ ಕರಿ, ತಿರುಗಿದರೆ ಸರಿ, ತಿರುಗದಿದ್ದರೆ ಆಗ ಮುಂದೆ ಹೋಗಿ ಗದ್ದ ಹಿಡಿ. ಪ್ರಿನ್ಸಿಪಾಲ್ ಮೇಡಂ ಕಥೆ ಕೇಳಿ ನಕ್ಕು, "ನನ್ನ ತಿಂಡಿ ಆಯ್ತಾ ಅಂತ ಈ ಸ್ಕೂಲಲ್ಲಿ ಕೇಳಿದ್ದು ಅವಳೊಬ್ಬಳೇ" ಎಂದರು. ನೀರು ಕುಡಿಯಲು ಹೋಗುವಾಗ ಒಂದನೇ ಕ್ಲಾಸಿನವರು ಈಗ ಬಾಟಲಿಗಳನ್ನು ಸಾಲಿಗಿಟ್ಟು ನೆರಳಲ್ಲಿ ಕೂರುತ್ತಾರಂತೆ. ನೂಕುನುಗ್ಗಲೇ ಇಲ್ಲವಂತೆ. ನಿಮ್ಮ ಮಿಲ್ಲಿನ ಪದ್ಧತಿ ಶಿವಮೊಗ್ಗಕ್ಕೂ ಬಂತು.

ಬಾಗಿನ ಬಂತು. ಲಂಗ ಬಂತು. ಆದರೆ ಲಂಗ ಸರಿಯಾಯಿತೋ ಇಲ್ಲವೋ ನಾನು ತಿಳಿಸುವುದಿಲ್ಲ. ಶನಿವಾರ ಮಗುವೇ ಹಾಕಿಕೊಂಡು ಬರುತ್ತದೆ, ನೀವೇ ನೋಡಿ. ಜೊತೆಗೆ ನಾವಿಬ್ಬರೂ ಬರುತ್ತೇವೆ. ಗೌರಿ ಹಬ್ಬಕ್ಕೆ ಗಂಡಿನ ಕಡೆಯವರು ಬೀಗರ ಮನೆಗೆ ಬಾಗಿನ ಹೊತ್ತು ಬಂದದ್ದನ್ನು ನೋಡಿದವರು ನಗಲಿ.

ಕಿವಿ ಕೇಳದವಳ ಹತ್ತಿರ ಮಗುವನ್ನು ಬಿಡುವುದು ಹೇಗೆ ಎಂದು ಬರೆದಿದ್ದೀರಿ. ನಿಮ್ಮ ಹತ್ತಿರ ಬಿಟ್ಟಿದ್ದರಿಂದಲೇ ನನಗೆ ನನ್ನ ಗಂಡ ವಾಪಸ್ ಸಿಕ್ಕಿದ್ದು. ಇನ್ನು ಆ ಮಾತು ಎತ್ತಿದರೆ ನೋಡಿ.

ನಿಮ್ಮ,
ಜಲಜಾ


ಭದ್ರಾವತಿ
28 ಸೆಪ್ಟೆಂಬರ್

ಜಲಜಾ,

ನೀವು ಹೋಗಬೇಡಿ ಎಂದರೂ ಇನ್ನು ನಿಮ್ಮ ಯಜಮಾನರು ಕೇಳುವುದಿಲ್ಲ. ಈ ಶನಿವಾರವೂ ಮಗುವಿನ ಜೊತೆ ಬಂದು ಮಿಲ್ಲಿನ ಕಟ್ಟೆಯ ಮೇಲೆ ಕೂತಿದ್ದಾರೆ. ಇಲ್ಲಿ ಎಲ್ಲರೂ ಕಿರುಚಿಯೇ ಮಾತಾಡುವುದರಿಂದ ಅವರಿಗೆ ಯಾವ ಮಾತೂ ತಪ್ಪುವುದಿಲ್ಲ. ರಾಗಿ ಬೀಸಲು ಬಂದ ಲಿಂಗಮ್ಮನಿಗೆ ಅಡಿಕೆ ಮಂಡಿಯ ಹಳೇ ಕಥೆ ಹೇಳುತ್ತಾ ಅವಳ ಪಾಳಿ ಎರಡು ಸಲ ತಪ್ಪಿಸಿದರು. ಇಂಪನಾ ಅವರನ್ನು ಬೈದು ಎಬ್ಬಿಸಿ ಡಬ್ಬ ಜೋಡಿಸಲು ಹಚ್ಚಿದ್ದಾಳೆ. ಹಿಟ್ಟು ನುಣ್ಣಗೆ ಬೇಕೆಂದರೆ ನನಗೆ ಬೆರಳು ಉಜ್ಜಿ ತೋರಿಸಬೇಕು, ತರಿ ಬೇಕೆಂದರೆ ಚಿಟಿಕೆ ಹಿಡಿದು ತೋರಿಸಬೇಕು ಎಂದು ಪಾಠವೂ ಆಯಿತು. ಅಜ್ಜ ತಪ್ಪು ಮಾಡಿದರೆ ಮತ್ತೆ ಮೊದಲಿನಿಂದ.

ಕಿವಿ ಡಾಕ್ಟರು ಕೊಟ್ಟ ಮಷಿನ್ ಹಾಕಿಕೊಂಡೆ. ನೀವು ಅವತ್ತು ಬೀಗರನ್ನೂ ನನ್ನನ್ನೂ ಒಟ್ಟಿಗೆ ಕೂರಿಸಿ ಕಿವಿ ಪರೀಕ್ಷೆ ಮಾಡಿಸದಿದ್ದರೆ ನಾನು ಹೋಗುತ್ತಲೇ ಇರಲಿಲ್ಲ. ಮಿಲ್ಲಿನಲ್ಲಿ ತೆಗೆದಿಡುತ್ತೇನೆ, ಮನೆಯಲ್ಲಿ ಹಾಕುತ್ತೇನೆ. ಮೊದಲ ದಿನ ಮಗು ನಿದ್ದೆಯಲ್ಲಿ ಏನೋ ಗೊಣಗಿದ್ದು ಕೇಳಿಸಿತು. ಆರು ವರ್ಷ ಪಕ್ಕದಲ್ಲೇ ಮಲಗಿಸಿಕೊಂಡಿದ್ದೆ, ನಿದ್ದೆಯಲ್ಲಿ ಮಾತಾಡುತ್ತದೆ ಎಂದೇ ಗೊತ್ತಿರಲಿಲ್ಲ. ಕೂತು ಕೇಳಿದೆ. ಅದರಲ್ಲೂ ಯಾರದೋ ಡಬ್ಬದ ಪಾಳಿ ಕೂಗುತ್ತಿತ್ತು.

ಕುಕ್ಕರ್ ಸದ್ದು ಈಗ ನನಗೇ ಕೇಳಿಸುತ್ತದೆ ಎಂದು ಹೇಳಿದ್ದಕ್ಕೆ ಮಗುವಿಗೆ ಸ್ವಲ್ಪ ಬೇಜಾರಾಯಿತು. ಅದಕ್ಕೇ ಅದು ಬಂದಾಗ ಕೇಳಿಸದ ಹಾಗೆ ಇರುತ್ತೇನೆ. ಓಡಿ ಬಂದು ಬೆರಳು ತೋರಿಸುತ್ತದೆ.

ನೀವು ಯಾಕೆ ಎರಡು ವಾರದಿಂದ ಬಂದಿಲ್ಲ? ತಲೆಗೆ ಬಟ್ಟೆ ಕಟ್ಟಿಕೊಂಡು ಮನೆಯಲ್ಲೇ ಕೂತಿದ್ದೀರಿ ಎಂದು ಬೀಗರು ಹೇಳಿದರು. ಮೈ ಹುಷಾರಿಲ್ಲವೇ?

ಯಲ್ಲಕ್ಕ


ಶಿವಮೊಗ್ಗ
5 ನವೆಂಬರ್

ಯಲ್ಲಕ್ಕ,

ಮೈ ಹುಷಾರಾಗಿದೆ. ದಸರಾದಲ್ಲಿ ನೀವು ಎಷ್ಟು ಕೇಳಿದರೂ ತಲೆಯ ಬಟ್ಟೆ ಬಿಚ್ಚಲಿಲ್ಲವಲ್ಲ, ಕಾರಣ ಈಗ ಹೇಳುತ್ತೇನೆ. ಆ ಕಾರಣ ಯಾರಿಗೂ ಹೇಳಬೇಡಿ, ಇವರಿಗಂತೂ ಬೇಡ.

ಕೂದಲಿಗೆ ಬಣ್ಣ ಹಚ್ಚುವುದನ್ನು ಬಿಟ್ಟೆ. ಗೌರಿ ಹಬ್ಬದಿಂದಲೇ ಬಿಟ್ಟೆ. ಬುಡದಲ್ಲಿ ಬೆಳ್ಳಗೆ, ತುದಿಯಲ್ಲಿ ಕಪ್ಪಗೆ, ಕನ್ನಡಿಯಲ್ಲಿ ನನ್ನನ್ನು ನೋಡಿ ನನಗೇ ಹೆದರಿಕೆಯಾಗುತ್ತಿತ್ತು, ಅದಕ್ಕೆ ಬಟ್ಟೆ. ದೀಪಾವಳಿಯ ಹಿಂದಿನ ರಾತ್ರಿ ಪಾರ್ಲರಿಗೆ ಹೋಗಿ ಕಪ್ಪು ತುದಿಯನ್ನೆಲ್ಲ ಕತ್ತರಿಸಿಕೊಂಡು ಬಂದೆ, ಮಗು ಆಗಲೇ ಮಲಗಿತ್ತು. ಈಗ ಬೆರಳಗಲದ ಕ್ರಾಪು, ಪೂರ್ತಿ ಬೆಳ್ಳಗೆ. ಸಮತಾ "ಚೆನ್ನಾಗಿ ಕಾಣ್ತೀರ ಅತ್ತೆ" ಎಂದಳು. ಯೋಗೇಶ ಗುರುತೇ ಸಿಗಲಿಲ್ಲ ಎಂದ. ಇವರಂತೂ ಮಾರನೆಯ ಸಂಜೆಯವರೆಗೆ ನಗುತ್ತಿದ್ದರು.

ಯಾಕೆ ಬಿಟ್ಟೆ ಎಂದು ನೀವು ಕೇಳುವುದಿಲ್ಲ, ನಿಮಗೆ ಗೊತ್ತು. ಆ ಮಗು ನಿಮ್ಮ ಗದ್ದ ಹಿಡಿಯುತ್ತದೆ, ಅಜ್ಜನ ಗದ್ದ ಹಿಡಿಯುತ್ತದೆ, ಗೇಟಿನ ಪರಶುರಾಮನ ಗದ್ದವನ್ನೂ ಹಿಡಿಯಿತು. ನನ್ನ ಕಂಡರೆ ಭಯಭಕ್ತಿ ಎಂದು ನಾನು ಜಂಬ ಕೊಚ್ಚಿಕೊಂಡಿದ್ದೆ. ನನಗೆ ಹೊಟ್ಟೆಕಿಚ್ಚಾಗುತ್ತಿತ್ತು ಯಲ್ಲಕ್ಕ. ತುಂಬಾ ಆಗುತ್ತಿತ್ತು.

ಹಬ್ಬದ ಬೆಳಿಗ್ಗೆ ಹೋಳಿಗೆ ತಟ್ಟುತ್ತಾ ಕೂತಿದ್ದೆ, ಬಾಗಿಲಿಗೆ ಬೆನ್ನು ಮಾಡಿ. ಇಂಪನಾ ಎದ್ದು ಬಂದಳು. ನನ್ನ ತಲೆ ನೋಡಿ ಬಾಗಿಲಲ್ಲೇ ನಿಂತಳು ಎಂದು ಕಾಲ್ಗೆಜ್ಜೆ ಸದ್ದು ನಿಂತದ್ದರಿಂದ ಗೊತ್ತಾಯಿತು. ಮಿಸ್ ಹೇಳಿಕೊಟ್ಟಂತೆ ಮೊದಲು ಮೆಲ್ಲಗೆ ಕರೆದಳು. "ಅಜ್ಜೀ."

ನಾನು ತಿರುಗಲಿಲ್ಲ.

ಇನ್ನೊಂದು ಸಲ ಕರೆದಳು. ನಾನು ಹೋಳಿಗೆ ತಟ್ಟುತ್ತಲೇ ಇದ್ದೆ. ಗೆಜ್ಜೆ ಸದ್ದು ಹತ್ತಿರ ಬಂತು. ಮುಂದೆ ಬಂದು, ಮಣೆ ಎಳೆದುಕೊಂಡು ಎದುರಿಗೆ ಕೂತು, ಎರಡು ಪುಟ್ಟ ಕೈಯಿಂದ ನನ್ನ ಗದ್ದ ಹಿಡಿದು ಮುಖವನ್ನು ತನ್ನ ಕಡೆ ತಿರುಗಿಸಿಕೊಂಡಳು. "ಅಜ್ಜೀ! ಹ್ಯಾಪಿ ದೀಪಾವಳಿ! ಹೋಳಿಗೆ ಆಯ್ತಾ?" ಎಂದು ಬೀದಿಗೆಲ್ಲ ಕೇಳುವಂತೆ ಕಿರುಚಿದಳು. ಪಕ್ಕದ ಮನೆಯವರು ಕಿಟಕಿ ತೆರೆದರು.

ನನ್ನ ಕಿವಿ ಚೆನ್ನಾಗಿದೆ. ಹಾಲು ಉಕ್ಕುವ ಮೊದಲೇ ನನಗೆ ಕೇಳಿಸುತ್ತದೆ. ಆದರೆ ಆ ಮಗುವಿಗೆ ನಾನದನ್ನು ಇನ್ನೂ ಹೇಳಿಲ್ಲ, ನೀವೂ ಹೇಳಬೇಡಿ.

ನಿಮ್ಮ ಜಲಜಾ